ಹೋಟೆಲಿನ ಬೆಕ್ಕಿಗೆ ಸಕ್ಕರೆ ಕಾಯಿಲೆ

ಮುಂಬಯಿಯಲ್ಲಿ ನಮ್ಮವರ ಹೋಟೆಲು ಇದ್ದಲ್ಲಿ ಬೆಕ್ಕೊಂದು ಇದ್ದೇ ಇರುತ್ತದೆ. ಲೈಸೆನ್ಸಿನ ಕಾಗದದಲ್ಲಿ ಅದರ ಹೆಸರಿಲ್ಲ, ಹಾಜರಿ ಪುಸ್ತಕದಲ್ಲಿಯೂ ಇಲ್ಲ; ಆದರೂ ಅಕ್ಕಿ, ಉದ್ದು, ಸಕ್ಕರೆಯ ಚೀಲಗಳನ್ನು ಒಟ್ಟಿರುವ ಉಗ್ರಾಣದಲ್ಲಿ ರಾತ್ರಿಯ ಪಹರೆ ಅದರದೇ. ಸಂಬಳವಿಲ್ಲದ ಈ ನೌಕರನಿಗೆ ದೊರೆಯುವುದು ಎರಡು ಹೊತ್ತಿನ ಊಟ ಮಾತ್ರ. ಅದೂ ನಮ್ಮ ಹೋಟೆಲುಗಳಲ್ಲಿ ಸಿಕ್ಕುವಂಥ ಊಟ. ಎಂದರೆ ಹಾಲು, ಮೊಸರನ್ನ, ಮಧ್ಯಾಹ್ನಕ್ಕೆ ಉಳಿದ ಇಡ್ಲಿ, ಸಂಜೆಗೆ ಉಪ್ಪಿಟ್ಟು.

ನಾನು ಹೇಳಹೊರಟಿರುವುದು ಮಾಟುಂಗದ ಒಂದು ಹೋಟೆಲಿನ ಇಂಥದೇ ಒಂದು ಬೆಕ್ಕಿನ ವಿಷಯ. ನಾನು ಹಗಲು ಒಂದು ಕಚೇರಿಯಲ್ಲಿ ಗುಮಾಸ್ತ. ಸಂಜೆ ಆರರ ಮೇಲೆ ಆ ಹೋಟೆಲಿನ ಲೆಕ್ಕ ಬರೆಯುತ್ತೇನೆ. ಹತ್ತು ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ, ಬಾಗಿಲು ಮುಚ್ಚುವ ಹೊತ್ತಿಗೆ, ನೆನೆದು ಮುದ್ದೆಯಾದ ಮರಿಯೊಂದು ಒಳಗೆ ನುಸುಳಿತು. ಬಣ್ಣ ಕೆಂಚಾದ್ದರಿಂದ ಕೆಂಚನೆಂದು ಹೆಸರಾಯಿತು. ಅಡಿಗೆಯ ಭಟ್ಟರು ಅದಕ್ಕೆ ಬೆಳಗಿನ ಹಾಲು ಹಾಕುವ ವಾಡಿಕೆ ಹಾಕಿಕೊಂಡರು. ಬೀದಿಯಲ್ಲಿ ಗಂಡುಬೆಕ್ಕುಗಳ ಕಾಳಗ ಮಿತಿಮೀರಿದಾಗ ಧಣಿಗಳು ಅದಕ್ಕೆ ಶಸ್ತ್ರಕ್ರಿಯೆ ಮಾಡಿಸಿದರು. ಅಂದಿನಿಂದ ಅದು ಮೈ ತುಂಬಿಕೊಂಡು, ಗಲ್ಲಾದ ಪಕ್ಕದಲ್ಲಿ ಮಲಗಿ, ಬಂದ ಗಿರಾಕಿಗಳಿಂದ ನಮಸ್ಕಾರ ಸ್ವೀಕರಿಸುವ ಗೃಹಸ್ಥನಾಯಿತು. ಇಲಿಗಳ ವಿಷಯದಲ್ಲಿ ಅದರ ಶ್ರದ್ಧೆ ಕಡಿಮೆಯಾದುದನ್ನು ಯಾರೂ ಎತ್ತಿ ಆಡಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಉಗ್ರಾಣದಲ್ಲಿ ಒದ್ದೆ ಕಾಣತೊಡಗಿತು. ಒಂದು ದಿನ ಅಕ್ಕಿಯ ಚೀಲದ ಬುಡ, ಇನ್ನೊಂದು ದಿನ ಬಾಗಿಲ ಮೂಲೆ. ಹತ್ತು ವರ್ಷ ಮರಳಿನ ಡಬ್ಬಿಯ ಹೊರಗೆ ಒಂದು ಹನಿ ಚೆಲ್ಲದಿದ್ದ ಕೆಂಚನದೇ ಕೆಲಸವೆಂದು ತಿಳಿದಾಗ ಧಣಿಗಳು ಉರಿದೆದ್ದರು. ಅವರ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಆಹಾರದ ಪದಾರ್ಥವಿರುವ ಜಾಗ. ಮುನಿಸಿಪಾಲಿಟಿಯವರು ಬಂದು ನೋಡಿದರೆ ಲೈಸೆನ್ಸಿಗೇ ಕುತ್ತು. “ಮುದಿಯಾಯಿತು, ಬುದ್ಧಿ ಕೆಟ್ಟಿತು. ಇವತ್ತೇ ಎಲ್ಲಿಯಾದರೂ ಬಿಟ್ಟು ಬನ್ನಿ” ಎಂದು ಅಪ್ಪಣೆಯಾಯಿತು. ಲೋಟ ತೊಳೆಯುವ ಮಾಣಿ ಒಂದು ಗೋಣಿಚೀಲವನ್ನೂ ಹುಡುಕಿ ತಂದಿಟ್ಟನು.

ಅಂದು ಬೆಕ್ಕನ್ನು ಉಳಿಸಿದವು ಇರುವೆಗಳು. ಚೀಲಗಳನ್ನು ಸರಿಸಿ ನೆಲ ಒರೆಸಲು ಹೋದ ಭಟ್ಟರು ನನ್ನನ್ನು ಕೂಗಿ ಕರೆದರು. “ರಾಯರೇ, ಇಲ್ಲಿ ಬನ್ನಿ. ಇರುವೆ ಮುತ್ತಿದ್ದು ಕಂಡಿರಾ? ಸಕ್ಕರೆ ಚೀಲ ಆ ಮೂಲೆಯಲ್ಲಿದೆ, ಇರುವೆ ಈ ಮೂಲೆಯಲ್ಲಿದೆ. ಇದು ಪೋಕರಿತನ ಅಲ್ಲ. ಇದು ನನ್ನ ಕಾಯಿಲೆ.”

ಭಟ್ಟರಿಗೆ ಸಕ್ಕರೆ ಕಾಯಿಲೆ ಹಿಡಿದು ಒಂಬತ್ತು ವರ್ಷ. ಆದುದರಿಂದ ಅವರ ಮಾತನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರೂ ತಾವು ಕಂಡುದನ್ನು ಹೇಳತೊಡಗಿದರು. ನಲ್ಲಿಯ ಕೆಳಗಿನ ಬಕೀಟಿನಲ್ಲಿ ಬೆಕ್ಕು ತಲೆ ಹಾಕಿ ಗಳಿಗೆಗಟ್ಟಲೆ ನೀರು ಕುಡಿಯುತ್ತದೆಂದು ಮಾಣಿ ಹೇಳಿದನು. ಎಷ್ಟು ಹಾಕಿದರೂ ತಿಂದು ಮತ್ತೆ ಬೇಡುತ್ತದೆ, ಆದರೂ ಬೆನ್ನೆಲುಬು ಕೈಗೆ ಸಿಗುತ್ತದೆಂದು ಸಪ್ಲಾಯರನೊಬ್ಬನು ಹೇಳಿದನು. ಹಿಂಗಾಲಿನ ಬೆರಳುಗಳ ಮೇಲೆ ನಡೆಯಬೇಕಾದ ಬೆಕ್ಕು ಹಿಮ್ಮಡಿಯನ್ನೇ ನೆಲಕ್ಕೆ ಊರಿ ಮುದುಕನಂತೆ ನಡೆಯುವುದನ್ನು ನಾನೇ ನೋಡಿದ್ದೆ, ವಯಸ್ಸಾಯಿತೆಂದು ಸುಮ್ಮನಿದ್ದೆ. ಈ ನಾಲ್ಕೂ ಸಂಗತಿಗಳು ನಾಲ್ವರ ಕಣ್ಣಿಗೆ ಬೇರೆ ಬೇರೆಯಾಗಿ ಬಿದ್ದಿದ್ದವು. ಒಂದೇ ಕಡೆ ಕೂಡಿಸಿ ನೋಡಿದವರಿರಲಿಲ್ಲ.

ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಈ ರೋಗವನ್ನು ಗುರುತಿಸಿ, ಅದಕ್ಕೆ ಮಧುಮೇಹವೆಂದು ಹೆಸರಿಟ್ಟವರು ನಮ್ಮ ದೇಶದ ಪ್ರಾಚೀನ ವೈದ್ಯರು. ರೋಗದ ಬೇರು ಮೇದೋಜೀರಕ ಗ್ರಂಥಿಯಲ್ಲಿದೆಯೆಂದು ಖಚಿತವಾದುದು ಬಹಳ ತಡವಾಗಿ, 1889ರಲ್ಲಿ. ಆಗ ಜರ್ಮನರ ಆಡಳಿತದಲ್ಲಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿದ್ವಾಂಸರು ನಾಯಿಯೊಂದರ ಆ ಗ್ರಂಥಿಯನ್ನು ತೆಗೆದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ರಸವನ್ನು ಪರೀಕ್ಷಿಸಿದುದೂ ಮೊದಲು ನಾಯಿಗಳ ಮೇಲೆಯೇ. ಮನುಷ್ಯನಿಗೆ ಅದು ದೊರೆತದ್ದು 1922ರ ಜನವರಿಯಲ್ಲಿ. ಹೀಗಿರುವಾಗ ಬೆಕ್ಕಿಗೆ ಮನುಷ್ಯರ ಔಷಧವೇ ಎಂದು ಕೇಳುವವರು ಆ ಔಷಧ ಯಾವ ದಾರಿಯಿಂದ ನಮಗೆ ಬಂತೆಂಬುದನ್ನು ಸ್ವಲ್ಪ ನೆನೆಯಬೇಕು.

ಮರುದಿನ ರಜೆ ಹಾಕಿ, ತರಕಾರಿಯ ಬುಟ್ಟಿಗೆ ಇನ್ನೊಂದು ಬುಟ್ಟಿ ಮುಚ್ಚಿ ಹಗ್ಗ ಬಿಗಿದು, ಭಟ್ಟರೂ ನಾನೂ ಬೆಕ್ಕನ್ನು ವೈದ್ಯರಲ್ಲಿಗೆ ಕೊಂಡೊಯ್ದೆವು. ಪ್ರಾಣಿವೈದ್ಯದ ಮಟ್ಟಿಗೆ ಮುಂಬಯಿ ಹಳೆಯ ಊರು; ಪರೇಲಿನಲ್ಲಿ ಪಶುವೈದ್ಯ ಕಾಲೇಜು ಪ್ರಾರಂಭವಾದುದು 1886ರಲ್ಲಿ. ದಾರಿಯುದ್ದಕ್ಕೂ ಕೆಂಚನು ಮಾಡಿದ ಆರ್ಭಟಕ್ಕೆ ಟ್ಯಾಕ್ಸಿಯವನು ಎರಡು ಸಲ ತಿರುಗಿ ನೋಡಿದನು.

ರಕ್ತದಲ್ಲಿ ಸಕ್ಕರೆಯ ಪ್ರಮಾಣ 412 ಎಂದು ಬಂತು. ಭಟ್ಟರು “ನನ್ನದಕ್ಕಿಂತ ಹೆಚ್ಚು” ಎಂದು ಮೆಲ್ಲನೆ ಹೇಳಿದರು. ಆದರೆ ಡಾಕ್ಟರರು ಆ ಅಂಕಿಯೊಂದನ್ನೇ ನಂಬಲಿಲ್ಲ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುತ್ತದೆ. ಬುಟ್ಟಿ, ಟ್ಯಾಕ್ಸಿ, ನಾಯಿಗಳ ಬೊಗಳು, ಸೂಜಿ ಇಷ್ಟೇ ಸಾಕು, ರೋಗವಿಲ್ಲದ ಬೆಕ್ಕೂ ರೋಗಿಯಂತೆ ಕಾಣಬಹುದು. ಆದುದರಿಂದ ಮೂತ್ರವನ್ನೂ ನೋಡಿದರು. ಬೆಕ್ಕುಗಳಲ್ಲಿ ರಕ್ತದ ಸಕ್ಕರೆ ಸುಮಾರು 250ರಿಂದ 300ರ ಮಿತಿ ದಾಟಿದ ಮೇಲೆಯೇ ಮೂತ್ರದಲ್ಲಿ ಇಳಿಯುತ್ತದೆ. ಇದಲ್ಲದೆ ಫ್ರಕ್ಟೋಸಮೀನ್ ಎಂಬ ಇನ್ನೊಂದು ರಕ್ತಪರೀಕ್ಷೆಯುಂಟು. ಅದು ಆ ಗಳಿಗೆಯ ಲೆಕ್ಕವನ್ನಲ್ಲ, ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಹೇಳುತ್ತದೆ. ನನ್ನಂಥ ಲೆಕ್ಕದವನಿಗೆ ಇದು ಕೂಡಲೇ ಅರ್ಥವಾಯಿತು. ಒಂದು ದಿನದ ಗಲ್ಲಾ ನೋಡಿ ಹೋಟೆಲಿನ ಲಾಭವನ್ನು ಹೇಳಲಾಗುವುದೆ? ಎರಡು ದಿನಗಳ ಮೇಲೆ ಬಂದ ವರದಿ ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿತು.

ಬಾಲ್ಯದಿಂದ ಇಂದಿನವರೆಗೆ ಏನೇನು ಔಷಧ ಕೊಟ್ಟಿರಿ ಎಂದು ಡಾಕ್ಟರರು ಕೇಳಿದರು. ಹಿಂದಿನ ಬೇಸಿಗೆಯಲ್ಲಿ ಚರ್ಮದ ತುರಿಕೆಗೆಂದು ಬೇರೊಂದು ಕಡೆ ತೋರಿಸಿದ್ದೆವು. ಅಲ್ಲಿ ತಿಂಗಳಿಗೊಂದರಂತೆ ಚುಚ್ಚುಮದ್ದು ಕೊಟ್ಟಿದ್ದರು. ತುರಿಕೆ ಒಂದೇ ದಿನದಲ್ಲಿ ನಿಲ್ಲುತ್ತಿದ್ದುದರಿಂದ ನಮಗೂ ಸಂತೋಷವೇ. ಅದು ಸ್ಟೀರಾಯ್ಡ್ ಜಾತಿಯ ಔಷಧವೆಂದೂ, ಬೆಕ್ಕುಗಳಲ್ಲಿ ಅದು ಸಕ್ಕರೆ ಕಾಯಿಲೆಯನ್ನು ಎಬ್ಬಿಸಬಲ್ಲುದೆಂದೂ ಈಗ ತಿಳಿಯಿತು. ಅದೊಂದೇ ಕಾರಣವೆಂದು ಅವರು ಹೇಳಲಿಲ್ಲ. ಶಸ್ತ್ರಕ್ರಿಯೆಯಾದ ಗಂಡು, ನಡುವಯಸ್ಸು ದಾಟಿದ್ದು, ದಪ್ಪ ಮೈ, ಓಡಾಟವಿಲ್ಲದ ಬದುಕು ಇವೆಲ್ಲವೂ ಈ ರೋಗಕ್ಕೆ ದಾರಿ ಮಾಡುವಂಥವೇ. ಆದರೂ ಏನು ಕೊಡುತ್ತೀರಿ, ಏತಕ್ಕೆ ಎಂದು ಅಂದು ಕೇಳದೆ ದುಡ್ಡು ಎಣಿಸಿಕೊಟ್ಟುದು ನಮ್ಮ ತಪ್ಪು. ಕೇಳದಿದ್ದರೂ ಹೇಳಬೇಕಾದುದು ಅವರ ಕರ್ತವ್ಯವಾಗಿತ್ತು.

ಇನ್ನು ಹಾಲು ಮೊಸರನ್ನದ ಮಾತು. ಬೆಕ್ಕು ಹುಟ್ಟಾ ಮಾಂಸಾಹಾರಿ. ಇಲಿಯ ಮೈಯಲ್ಲಿ ಮಾಂಸ ಕೊಬ್ಬುಗಳಲ್ಲದೆ ಪಿಷ್ಟವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆ ಆಹಾರಕ್ಕೆ ತಕ್ಕಂತೆ ಬೆಕ್ಕಿನ ಯಕೃತ್ತು ರೂಪುಗೊಂಡಿದೆ. ಅನ್ನ ಇಡ್ಲಿಗಳಿಂದ ಒಮ್ಮೆಲೇ ಬರುವ ಸಕ್ಕರೆಯ ರಾಶಿಯನ್ನು ವಿಲೇವಾರಿ ಮಾಡುವ ಏರ್ಪಾಡು ಅದಕ್ಕೆ ಬಲವಾಗಿಲ್ಲ. ಇನ್ನೊಂದು ವಿಚಿತ್ರವನ್ನು ಕೇಳಿರಿ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು! ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಅಂಗದ ಒಂದು ಭಾಗವನ್ನು ಕಟ್ಟಬೇಕಾದ ವಂಶವಾಹಿ ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಅಮೆರಿಕೆಯ ಫಿಲಡೆಲ್ಫಿಯದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟರು. ಜನ್ಮದಲ್ಲಿ ಸಿಹಿಯನ್ನೇ ಕಾಣದ ಪ್ರಾಣಿಗೆ ಸಕ್ಕರೆ ಕಾಯಿಲೆ. ಇದನ್ನು ಕೇಳಿ ಭಟ್ಟರು ಬಹಳ ನೊಂದರು. “ನಾನಾದರೂ ಹೋಳಿಗೆ ತಿಂದು ಬರಿಸಿಕೊಂಡೆ. ಅದು ಏನು ಕಂಡಿತ್ತು?” ಎಂದರು. ಹೋಳಿಗೆಯೊಂದರಿಂದಲೇ ಮನುಷ್ಯರಿಗೆ ಈ ರೋಗ ಬರುವುದಿಲ್ಲವೆಂದು ಡಾಕ್ಟರರು ಸಮಾಧಾನ ಹೇಳಬೇಕಾಯಿತು.

ಮುಂದೇನು ಎಂಬ ಪ್ರಶ್ನೆ ಅಂದು ರಾತ್ರಿ, ಬಾಗಿಲು ಎಳೆದ ಮೇಲೆ, ಹೋಟೆಲಿನ ಮೇಜುಗಳ ನಡುವೆಯೇ ಚರ್ಚೆಗೆ ಬಂತು. ಏನೂ ಮಾಡದಿದ್ದರೆ ಬೆಕ್ಕು ಸೊರಗಿ, ಕೊನೆಗೆ ರಕ್ತವು ಆಮ್ಲವಾಗಿ ಸಾಯುತ್ತದೆ. ಆ ಸಾವು ಸುಖದ್ದಲ್ಲ. ಚುಚ್ಚುಮದ್ದಿನಿಂದ ನಿದ್ರೆ ಮಾಡಿಸಿಬಿಡುವುದೂ ಒಂದು ದಾರಿಯೆಂದು ಡಾಕ್ಟರರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮೂರನೆಯದು ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗಳ ಅಂತರದಲ್ಲಿ ಇನ್ಸುಲಿನ್. ಬೇಗ ಪ್ರಾರಂಭಿಸಿ ಆಹಾರವನ್ನೂ ಬದಲಾಯಿಸಿದರೆ ಎಷ್ಟೋ ಬೆಕ್ಕುಗಳಲ್ಲಿ ಕೆಲವು ತಿಂಗಳ ಮೇಲೆ ಇನ್ಸುಲಿನ್ ಬೇಡವಾಗುವುದೂ ಉಂಟು. ಮನುಷ್ಯರಿಗೆ ಅಷ್ಟು ಸುಲಭವಲ್ಲದ ಈ ಭಾಗ್ಯ ಬೆಕ್ಕಿಗಿದೆ. ಆದರೆ ಅದರ ಭರವಸೆ ಕೊಡಲು ಯಾರಿಂದಲೂ ಆಗದು.

ಧಣಿಗಳು ಹೇಳಿದ ಮಾತನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು. “ಊರಲ್ಲಿ ತಾಯಿಗೆ ಔಷಧ ಕಳಿಸಲು ಅಡ್ವಾನ್ಸು ಕೇಳುವವರು ನೀವು. ಬೆಕ್ಕಿಗೆ ತಿಂಗಳಿಗೆ ಅಷ್ಟು ಖರ್ಚು ಮಾಡುತ್ತೀರಾ? ದೇವರು ಮೆಚ್ಚುತ್ತಾನೆಯೇ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಕೊಡಬಲ್ಲ ಉತ್ತರ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. ಹಳ್ಳಿಯಲ್ಲಿ ಮನೆಮಂದಿಯನ್ನು ಬಿಟ್ಟು, ಐದು ಜನ ಒಂದು ಕೋಣೆಯಲ್ಲಿ ಮಲಗುವ ಈ ಹುಡುಗರ ಕಾಲಿನ ಮೇಲೆ ರಾತ್ರಿ ಬಂದು ಮಲಗುವ ಪ್ರಾಣಿ ಅದೊಂದೇ. ಇದು ಉತ್ತರವಲ್ಲ, ಆದರೆ ಇದ್ದ ಸಂಗತಿ. ಸ್ವಲ್ಪ ಹೊತ್ತಿನ ಮೇಲೆ ಮಾಣಿ ತನ್ನ ಟಿಪ್ಸಿನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟನು. ಭಟ್ಟರು ಐನೂರು ಹಾಕಿದರು, ನಾನೂ ಹಾಕಿದೆ. ಧಣಿಗಳು ಏನೂ ಹಾಕಲಿಲ್ಲ. ಎದ್ದು ಹೋಗುವಾಗ ಮಾತ್ರ, “ಔಷಧ ತಣ್ಣಗಿರಬೇಕಂತಲ್ಲ, ಬೆಣ್ಣೆಯ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟುಕೊಳ್ಳಿ. ಉಗ್ರಾಣದೊಳಗೆ ಮಾತ್ರ ಅದು ಕಾಲಿಡಬಾರದು” ಎಂದರು.

ಇನ್ಸುಲಿನ್ ವಿಷಯದಲ್ಲಿ ಹೋಟೆಲು ಕೆಲಸಗಾರರು ತಿಳಿದಿರಬೇಕಾದ ಒಂದು ಅಪಾಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಇದು ಮನುಷ್ಯರಿಗೂ ಅನ್ವಯಿಸುವಂಥದು. ನಮ್ಮ ದೇಶದ ಔಷಧದಂಗಡಿಗಳಲ್ಲಿ ಎರಡು ಬಗೆಯ ಇನ್ಸುಲಿನ್ ಸಿಕ್ಕುತ್ತದೆ. ಒಂದರಲ್ಲಿ ಒಂದು ಮಿಲಿಲೀಟರಿಗೆ 40 ಯುನಿಟ್, ಇನ್ನೊಂದರಲ್ಲಿ 100 ಯುನಿಟ್. ಅವುಗಳ ಸಿರಿಂಜುಗಳೂ ಬೇರೆ; 40ರದಕ್ಕೆ ಸಾಮಾನ್ಯವಾಗಿ ಕೆಂಪು ಟೊಪ್ಪಿ, 100ರದಕ್ಕೆ ಕಿತ್ತಳೆ ಬಣ್ಣದ ಟೊಪ್ಪಿ. ನಮ್ಮ ಡಾಕ್ಟರರು ಬರೆದುಕೊಟ್ಟದ್ದು ಗ್ಲಾರ್ಜೀನ್ ಎಂಬ 100ರ ಇನ್ಸುಲಿನ್, ಹೊತ್ತಿಗೆ ಒಂದೇ ಒಂದು ಯುನಿಟ್. ಕೆಂಪು ಟೊಪ್ಪಿಯ ಸಿರಿಂಜಿನಲ್ಲಿ ಅದನ್ನು ‘ಒಂದು’ ಎಂಬ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯುನಿಟ್! ನಾಲ್ಕೈದು ಕಿಲೋ ತೂಕದ ಪ್ರಾಣಿಗೆ ಇದು ಅಪಾಯಕರವಾಗಬಹುದು. ಅಂಗಡಿಯ ಹುಡುಗನು ನಮಗೆ ಮೊದಲು ಕೊಟ್ಟದ್ದು ಕೆಂಪು ಟೊಪ್ಪಿಯನ್ನೇ. ಗೆರೆಗಳನ್ನು ಓದಿ ನೋಡುವ ಗುಮಾಸ್ತನ ಚಾಳಿಯಿಂದ ನಾನು ಅದನ್ನು ಹಿಂದಿರುಗಿಸಿ, ಅರ್ಧ ಯುನಿಟಿನ ಗೆರೆಯೂ ಇರುವ ಕಿತ್ತಳೆ ಟೊಪ್ಪಿಯದನ್ನು ಕೇಳಿ ತಂದೆ.

ಔಷಧವನ್ನು ಫ್ರಿಜ್ಜಿನಲ್ಲಿಡಬೇಕು, ಆದರೆ ಹೆಪ್ಪುಗಟ್ಟಲು ಬಿಡಬಾರದು, ಕುಲುಕಬಾರದು. ಮೂರು ಮಿಲಿಲೀಟರಿನ ಕೊಳವೆಯಲ್ಲಿ 300 ಯುನಿಟ್ ಇರುತ್ತದೆ. ತೆರೆದ ಮೇಲೆ 28 ದಿನವೆಂದು ತಯಾರಕರ ಸೂಚನೆ. ನಮ್ಮ ಬೆಕ್ಕಿಗೆ ಆ ಅವಧಿಯಲ್ಲಿ ಬೇಕಾದುದು 56. ಉಳಿದ 244 ಯುನಿಟ್ ನಷ್ಟದ ಖಾತೆಗೆ! ಇದನ್ನು ಬರೆಯುವಾಗ ಇಂದಿಗೂ ನನ್ನ ಕೈ ತಡೆಯುತ್ತದೆ.

ಭಟ್ಟರಿಗೆ ಇನ್ನೊಂದು ಶಂಕೆ ಇತ್ತು. ಅವರ ಡಾಕ್ಟರರು ಎರಡು ವರ್ಷಗಳಿಂದ ಅವರಿಗೂ ಇನ್ಸುಲಿನ್ ಬೇಕೆಂದು ಹೇಳುತ್ತಲೇ ಇದ್ದರು. ಇವರು ಮಾತ್ರೆಯಲ್ಲೇ ದಿನ ನೂಕುತ್ತಿದ್ದರು. ಸೂಜಿಯ ಹೆದರಿಕೆಯೆಂದು ನಾವು ತಿಳಿದಿದ್ದೆವು. ಈಗ ಹೊರಬಂತು: ಆ ಔಷಧವನ್ನು ದನದ ಮೈಯಿಂದ ತೆಗೆಯುತ್ತಾರೆಂದು ಅವರು ತಂದೆಯಿಂದ ಕೇಳಿದ್ದರು. ತಂದೆಯವರ ಮಾತು ಸುಳ್ಳಲ್ಲ. ಅನೇಕ ದಶಕಗಳ ಕಾಲ ಇನ್ಸುಲಿನ್ ಬರುತ್ತಿದ್ದುದು ದನ ಮತ್ತು ಹಂದಿಗಳ ಗ್ರಂಥಿಯಿಂದಲೇ. ಆದರೆ ಸೂಕ್ಷ್ಮಜೀವಿಗಳಿಂದ ಮನುಷ್ಯರ ಇನ್ಸುಲಿನ್ನನ್ನೇ ತಯಾರಿಸಿದ ಔಷಧಕ್ಕೆ 1982ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆತು, ಈಗ ಬಳಕೆಯಲ್ಲಿರುವ ಗ್ಲಾರ್ಜೀನ್ ಮೊದಲಾದವೂ ಅದೇ ಬಗೆಯಲ್ಲಿ ತಯಾರಾಗುತ್ತವೆ. ಬೆಕ್ಕಿನ ಡಾಕ್ಟರರು ಇದನ್ನು ಮೊಸರು ಹೆಪ್ಪು ಹಾಕುವುದಕ್ಕೆ ಹೋಲಿಸಿ ಹೇಳಿದರು. ಭಟ್ಟರು ಎರಡು ಸಲ ಕೇಳಿ ದೃಢಪಡಿಸಿಕೊಂಡರು. ಆಗ ಏನೂ ಹೇಳಲಿಲ್ಲ.

ಚುಚ್ಚುವುದಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ, ಎಲ್ಲರೂ ಹಿಂಜರಿಯುತ್ತಿರಲು, ಭಟ್ಟರೇ ಕೈ ಚಾಚಿದರು. ಕೆಲಸ ಎಣಿಸಿದಷ್ಟು ಕಷ್ಟವಲ್ಲ. ಬೆಕ್ಕು ತಿನ್ನುವುದರಲ್ಲಿ ಮಗ್ನವಾಗಿರುವಾಗ ಪಕ್ಕೆಯ ಸಡಿಲ ಚರ್ಮವನ್ನು ಎರಡು ಬೆರಳಿನಿಂದ ಗುಡಾರದಂತೆ ಎತ್ತಿ, ಬುಡದಲ್ಲಿ ಸೂಜಿ ಸೇರಿಸಿ ಒತ್ತಬೇಕು. ಸೂಜಿ ಕೂದಲಿನಷ್ಟು ತೆಳು. ಗಡಿಬಿಡಿಯಲ್ಲಿ ಅದು ಆಚೆಯ ಬದಿಗೆ ಹೊರಬಂದು ಔಷಧ ರೋಮದ ಮೇಲೆ ಚೆಲ್ಲಿದರೆ ಮತ್ತೊಮ್ಮೆ ಕೊಡಲು ಹೋಗಬಾರದು. ಎಷ್ಟು ಒಳಗೆ ಹೋಗಿದೆಯೋ ತಿಳಿಯದು. ಮೊದಲ ದಿನ ಭಟ್ಟರ ಕೈ ನಡುಗಿತು. ಕೆಂಚನು ತಲೆಯನ್ನೂ ಎತ್ತಲಿಲ್ಲ.

ತೊಡಕಾದುದು ಊಟದ ಸಂಗತಿ. ಮಾಂಸದ ಆಹಾರವೇ ಆಗಬೇಕು, ಒಣಕಾಳುಗಳಂತಿರುವ ಬೆಕ್ಕಿನ ತಿಂಡಿಯಲ್ಲಿ ಪಿಷ್ಟ ಹೆಚ್ಚಾದುದರಿಂದ ಹಸಿಯಾಗಿ ಪೊಟ್ಟಣದಲ್ಲಿ ಬರುವುದು ಮೇಲು ಎಂದು ಡಾಕ್ಟರರು ಹೇಳಿದ್ದರು. ಬರೇ ಬೇಯಿಸಿದ ಮೀನೂ ಕೋಳಿಯೂ ಸಾಲದು. ಬೆಕ್ಕಿಗೆ ಟಾರೀನ್ ಎಂಬ ಪೋಷಕಾಂಶ ಆಹಾರದಿಂದಲೇ ದೊರೆಯಬೇಕು, ಅದು ಕಡಿಮೆಯಾದರೆ ಕಣ್ಣಿಗೂ ಹೃದಯಕ್ಕೂ ಕೇಡು. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಹೋಟೆಲಿನೊಳಗೆ ಇದೆಲ್ಲ ನಡೆಯುವುದುಂಟೆ? ಕೊನೆಗೆ ಗಲ್ಲಿಯ ಆಚೆ ಕೆಲಸಗಾರರು ಮಲಗುವ ಕೋಣೆಯ ಹೊರಗಿನ ಕಟ್ಟೆಯೇ ಕೆಂಚನ ಭೋಜನಶಾಲೆಯಾಯಿತು. ಮೀನು ತಿನ್ನುವ ಮನೆಯವನಾದ ಮಾಣಿ ಪೊಟ್ಟಣ ಒಡೆದು ತಟ್ಟೆಗೆ ಹಾಕುತ್ತಾನೆ. ಭಟ್ಟರು ಉತ್ತರೀಯದ ತುದಿಯಿಂದ ಮೂಗು ಮುಚ್ಚಿಕೊಂಡು, ಮುಖ ಆಚೆ ತಿರುಗಿಸಿ, ಸೂಜಿ ಚುಚ್ಚಿ, ನೇರ ನಲ್ಲಿಯ ಕಡೆಗೆ ಹೋಗಿ ಸ್ನಾನ ಮಾಡುತ್ತಾರೆ. ಬೆಳಗ್ಗೆ ಆರೂವರೆಗೆ ಇದು ನಡೆಯುತ್ತದೆ. ಸಂಜೆ ಆರೂವರೆಯ ಪಾಳಿ ನನ್ನದು.

ಇಬ್ಬರು ಮೂವರು ಸೇರಿ ನಡೆಸುವ ಶುಶ್ರೂಷೆಯಲ್ಲಿ ದೊಡ್ಡ ಭಯ, ಒಬ್ಬನು ಕೊಟ್ಟುದನ್ನು ತಿಳಿಯದೆ ಇನ್ನೊಬ್ಬನು ಮತ್ತೆ ಕೊಟ್ಟುಬಿಡುವುದು. ಅದಕ್ಕಾಗಿ ಕೋಣೆಯ ಬಾಗಿಲಿಗೆ ಒಂದು ಲೆಕ್ಕದ ಪುಸ್ತಕ ಕಟ್ಟಿದೆ. ತಾರೀಕು, ಗಂಟೆ, ಎಷ್ಟು ತಿಂದಿತು, ಎಷ್ಟು ಯುನಿಟ್, ಯಾರ ಸಹಿ. ಕೊಟ್ಟಿದೆಯೋ ಇಲ್ಲವೋ ಎಂಬ ಸಂಶಯ ಬಂದರೆ ಕೊಡಲೇಬಾರದು. ಒಂದು ಹೊತ್ತು ತಪ್ಪಿದರೆ ಬೆಕ್ಕು ಸಾಯದು, ಎರಡು ಸಲ ಬಿದ್ದರೆ ಸತ್ತೀತು. ಅದು ಊಟ ಬಿಟ್ಟ ದಿನ ಡಾಕ್ಟರರನ್ನು ಕೇಳದೆ ಸೂಜಿ ಹಿಡಿಯಬಾರದು.

ಮನೆಯಲ್ಲೇ ರಕ್ತ ನೋಡಲು ಭಟ್ಟರ ಯಂತ್ರವೇ ಒದಗಿತು. ಕೆಂಚನಿಗೆ ಬೇರೆ ಪಟ್ಟಿ, ಬೇರೆ ಸೂಜಿ. ಕಿವಿಯ ಅಂಚನ್ನು ಬಿಸಿನೀರಿನ ಬಟ್ಟೆಯಿಂದ ಸ್ವಲ್ಪ ಬೆಚ್ಚಗೆ ಮಾಡಿ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ. ಮನುಷ್ಯರ ಯಂತ್ರ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ತುಸು ಕಡಿಮೆ ತೋರಿಸುತ್ತದೆಯೆಂಬುದನ್ನು ನೆನಪಿಡಬೇಕು. ಬುಟ್ಟಿಯ ಹೆದರಿಕೆ ಇಲ್ಲದ ಕಾರಣ ಈ ಅಂಕಿ ಆಸ್ಪತ್ರೆಯ ಅಂಕಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಮೊದಲ ವಾರ 380, 350. ಎರಡನೆಯ ವಾರ 290, 240. ಉಗ್ರಾಣದ ಹೊರಗೆ ಇಟ್ಟ ನೀರಿನ ಬಟ್ಟಲು ಅರ್ಧ ಉಳಿಯತೊಡಗಿತು. ನಾವೆಲ್ಲ ಗೆದ್ದೆವೆಂದುಕೊಂಡೆವು.

ಮೂರನೆಯ ವಾರದ ಶನಿವಾರ ರಾತ್ರಿ ಹನ್ನೊಂದಕ್ಕೆ ನಾನು ಲೆಕ್ಕ ಮುಗಿಸಿ ಏಳುತ್ತಿದ್ದೆ. ಮಾಣಿ ಓಡಿಬಂದು, “ರಾಯರೇ, ಕೆಂಚ ಕುಡಿದವರ ಹಾಗೆ ಆಡುತ್ತಾನೆ” ಎಂದನು. ಹೋಗಿ ನೋಡಿದರೆ ಬೆಕ್ಕು ಗೋಡೆಗೆ ಒರಗಿ ತೂರಾಡುತ್ತಿತ್ತು. ಕಣ್ಣು ತೆರೆದಿದ್ದರೂ ನಮ್ಮನ್ನು ಕಾಣುವಂತಿರಲಿಲ್ಲ. ಭಟ್ಟರು ಕಿವಿ ಚುಚ್ಚಿದರು. ಯಂತ್ರ 41 ಎಂದು ತೋರಿಸಿತು.

ಸಕ್ಕರೆ ಹೆಚ್ಚಾದರೆ ತಿಂಗಳುಗಳಲ್ಲಿ ಕೊಲ್ಲುತ್ತದೆ, ಕಡಿಮೆಯಾದರೆ ಗಂಟೆಗಳಲ್ಲಿ ಎಂದು ಡಾಕ್ಟರರು ಹೇಳಿದ್ದುದು ನನ್ನ ಕಿವಿಯಲ್ಲಿತ್ತು. ಜೇನುತುಪ್ಪವನ್ನೋ ಸಕ್ಕರೆಯ ನೀರನ್ನೋ ಒಸಡಿಗೆ ಸವರಬೇಕು. ತೂರಾಡುವ ಬೆಕ್ಕಿನ ಬಾಯೊಳಗೆ ಸುರಿಯಬಾರದು, ಶ್ವಾಸಕ್ಕೆ ಹೋದೀತು. ಆದರೆ ಆ ಕೋಣೆಯಲ್ಲಿ ಜೇನುತುಪ್ಪ ಎಲ್ಲಿಯದು? ಮಾಣಿ ಹೋಟೆಲಿಗೆ ಓಡಿ, ಮರುದಿನದ ಮದುವೆ ಆರ್ಡರಿಗೆಂದು ಮಾಡಿಟ್ಟಿದ್ದ ಜಾಮೂನಿನ ಪಾಕವನ್ನು ಒಂದು ಲೋಟ ತುಂಬಿ ತಂದನು. ಭಟ್ಟರು ಬೆರಳನ್ನು ಅದ್ದಿ ಅದ್ದಿ ಒಸಡಿಗೆ ಸವರಿದರು. ಆ ಬೆಕ್ಕಿನ ಬಾಯಲ್ಲಿ ಮಾಂಸದ ವಾಸನೆಯಿತ್ತು. ಆಗ ಉತ್ತರೀಯವೂ ಇರಲಿಲ್ಲ, ಮೂಗು ಮುಚ್ಚಿಕೊಂಡವರೂ ಇರಲಿಲ್ಲ. ಹತ್ತು ನಿಮಿಷದಲ್ಲಿ ಕೆಂಚನು ತಲೆ ಎತ್ತಿದನು. ಆಮೇಲೆ ಸ್ವಲ್ಪ ತಿಂದನು. ರಾತ್ರಿ ತೆರೆದಿರುವ ಒಂದು ಪ್ರಾಣಿಚಿಕಿತ್ಸಾಲಯಕ್ಕೆ ಕೊಂಡೊಯ್ದು ಬೆಳಗಿನವರೆಗೆ ಕಾದೆವು.

ತಪ್ಪು ಯಾರದೆಂದು ಪುಸ್ತಕ ತೆರೆದು ನೋಡಿದೆ. ಯಾರೂ ಎರಡು ಸಲ ಕೊಟ್ಟಿರಲಿಲ್ಲ, ಗೆರೆಯೂ ತಪ್ಪಿರಲಿಲ್ಲ. ಅನ್ನ ಹಾಲು ನಿಂತು ಮಾಂಸದ ಊಟ ಹಿಡಿದ ಮೇಲೆ ಬೆಕ್ಕಿನ ಮೈ ತಾನೇ ಚೇತರಿಸಿಕೊಳ್ಳುತ್ತಿತ್ತು. ಅದಕ್ಕೆ ಬೇಕಾದ ಇನ್ಸುಲಿನ್ ಕಡಿಮೆಯಾಗುತ್ತಿತ್ತು. ಆ ವಾರ ಕಾರ್ತಿಕ ದೀಪೋತ್ಸವದ ಆರ್ಡರುಗಳ ಗದ್ದಲದಲ್ಲಿ ಐದು ದಿನ ಯಾರೂ ಕಿವಿ ಚುಚ್ಚಿ ನೋಡಿರಲಿಲ್ಲ. ಸಹಿಯ ಅಂಕಣ ತುಂಬಿತ್ತು, ಅಂಕಿಯ ಅಂಕಣ ಖಾಲಿ ಇತ್ತು. ಲೆಕ್ಕ ಬರೆಯುವವನು ನಾನು. ಖಾಲಿ ಅಂಕಣವನ್ನು ಕಂಡೂ ಸುಮ್ಮನಿದ್ದವನು ನಾನೇ. ಡಾಕ್ಟರರು ಪ್ರಮಾಣವನ್ನು ಅರ್ಧ ಯುನಿಟಿಗೆ ಇಳಿಸಿದರು.

ಚುಚ್ಚುಮದ್ದು ಇಲ್ಲದೆ ಬಾಯಿಂದ ಕೊಡುವ ಔಷಧಗಳೂ ಈಚೆಗೆ ಬಂದಿವೆ. 2022ರ ಡಿಸೆಂಬರಿನಲ್ಲಿ ಒಂದು ಮಾತ್ರೆಗೆ, 2023ರ ಆಗಸ್ಟಿನಲ್ಲಿ ಒಂದು ದ್ರವಕ್ಕೆ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವುದು ಅವುಗಳ ಕೆಲಸ. ಮೊದಲೇ ಇನ್ಸುಲಿನ್ ಪಡೆದ ಬೆಕ್ಕುಗಳಿಗೆ ಅವು ಸಲ್ಲವು, ಉಳಿದವುಗಳಲ್ಲಿಯೂ ಎಲ್ಲದಕ್ಕೂ ಅಲ್ಲ. ಆದುದರಿಂದ ನಮಗೆ ಆ ದಾರಿ ಇರಲಿಲ್ಲ. ಹೊಸದಾಗಿ ರೋಗ ಪತ್ತೆಯಾದವರು ಮೊದಲ ದಿನವೇ ತಮ್ಮ ಡಾಕ್ಟರರನ್ನು ಕೇಳಿ ನೋಡಬಹುದು.

ಆ ಶನಿವಾರದ ಮರುವಾರ ಭಟ್ಟರು ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲಿಗೋ ಹೋಗಿಬಂದರು. ಸಂಜೆ ಬೆಣ್ಣೆಯ ಫ್ರಿಜ್ಜಿನ ಬಾಗಿಲಲ್ಲಿ ಎರಡು ಪೆಟ್ಟಿಗೆಗಳಿದ್ದವು. ಒಂದರ ಮೇಲೆ ‘ಕೆಂಚ’ ಎಂದು ನಾನು ಬರೆದದ್ದು. ಇನ್ನೊಂದರ ಮೇಲೆ ಅವರೇ ತಮ್ಮ ದಪ್ಪಕ್ಷರದಲ್ಲಿ ‘ಅಡಿಗೆ ಭಟ್ಟ’ ಎಂದು ಬರೆದಿದ್ದರು. ಯಾರೂ ಏನೂ ಕೇಳಲಿಲ್ಲ.

ಮಾಘ ಮಾಸದ ಹೊತ್ತಿಗೆ ಕೆಂಚನು ಮತ್ತೆ ಬೆರಳುಗಳ ಮೇಲೆ ನಡೆಯತೊಡಗಿದನು. ಕಳೆದ ನಾಲ್ಕು ವಾರಗಳಿಂದ ಇನ್ಸುಲಿನ್ ಸಂಪೂರ್ಣ ನಿಂತಿದೆ. ಕಿವಿಯ ಅಂಕಿ 90ರಿಂದ 130ರೊಳಗೆ ಇದೆ. ರೋಗ ಹೋಯಿತೆಂದು ಹೇಳುವಂತಿಲ್ಲ, ಅಡಗಿದೆ. ಮತ್ತೆ ಏಳಲೂ ಬಹುದು. ಅದಕ್ಕಾಗಿ ವಾರಕ್ಕೆ ಎರಡು ಸಲ ಚುಚ್ಚಿ ನೋಡುತ್ತೇವೆ. ಭಟ್ಟರು ಈಗ ಮಗಳ ಮದುವೆಗೆಂದು ಕುಂದಾಪುರದ ಕಡೆ ಊರಿಗೆ ಹೋಗಿದ್ದಾರೆ. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಆರೂವರೆಗೆ ಅವರ ಫೋನು ಬರುತ್ತದೆ. ಮಾಣಿ ಅಂಕಿಯನ್ನು ಹೇಳುತ್ತಾನೆ, ಆ ಕಡೆಯಿಂದ ಅವರೂ ತಮ್ಮದನ್ನು ಹೇಳುತ್ತಾರೆ. ಪುಸ್ತಕದಲ್ಲಿ ಈಗ ಎರಡು ಅಂಕಣಗಳಿವೆ. ಮೊನ್ನೆ ಶುಕ್ರವಾರ ಕೆಂಚನದು 104, ಭಟ್ಟರದು 171. ಮದುವೆಮನೆಯ ಊಟ ಇನ್ನೂ ನಾಲ್ಕು ದಿನ ಇದೆಯಂತೆ.